ಕಂಟ್ರೋಲ್: ಅರವತ್ತೆರಡು

19 ಜುಲೈ 1982, ಸೋಮವಾರ

ಬೆಳಿಗ್ಗೆ ನಾಲ್ಕನೇ ನಂಬರ್ ಕುರಿಯ ರಕ್ತ ತೆಗೆದೆ. ಇಪ್ಪತ್ತು ಸಿಸಿ. ಪ್ರಾಣಿಗಳ ಶೆಡ್ಡಿನ ಐತಪ್ಪ ಕತ್ತು ಹಿಡಿದುಕೊಂಡಿದ್ದ. ಒಂದೇ ಚುಚ್ಚಿಗೆ ಸಿಕ್ಕಿತು. ಕುರಿ ಒದೆಯಲಿಲ್ಲ, ಐತಪ್ಪ ಗೊಣಗಲಿಲ್ಲ — ಎರಡೂ ಅಪರೂಪ. ಬಾಟಲಿಗೆ ತಾರೀಖು ಹಾಕಿ ಫ್ರಿಜ್ಜಿನಲ್ಲಿಟ್ಟೆ. ಹತ್ತು ದಿನ ಚೆನ್ನಾಗಿರುತ್ತದೆ. ಎಳೆದರೆ ಎರಡು ವಾರ. ಆಮೇಲೆ ಕಣಗಳು ಸೊರಗುತ್ತವೆ, ಅಂಟಿಕೊಳ್ಳುವ ಗುಣ ಹೋಗುತ್ತದೆ.

ಇವತ್ತು ಎಣಿಸಿದ್ದು ಮೂವರು ರೋಗಿಗಳ ರಕ್ತದ ಕಣ. ಜೊತೆಗೆ ಎಂದಿನಂತೆ ನನ್ನದೇ ರಕ್ತ — ಕಂಟ್ರೋಲ್. ಆರೋಗ್ಯವಂತನ ಸಂಖ್ಯೆ ಸರಿ ಬಂದರೆ ಮಾತ್ರ ರೋಗಿಯ ಸಂಖ್ಯೆಯನ್ನು ನಂಬಬೇಕು. ನನ್ನದು 62. ಹೋದ ವಾರ 63. ಅದರ ಹಿಂದೆ 62, 62, 61. ಡಾಕ್ಟರ್ ಜಯಲಕ್ಷ್ಮೀ ತಮಾಷೆ ಮಾಡುತ್ತಾರೆ, ಸೆಂಟ್ರಲ್ ಸ್ಟೇಷನ್ನಿನ ಗಡಿಯಾರ ತಪ್ಪಿದರೂ ಗಂಗಾಧರನ್ ತಪ್ಪುವುದಿಲ್ಲ ಅಂತ. ಹೆಸರು ಗಂಗಾಧರಪ್ಪ ಎಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಈ ತಮಿಳು ಆಸ್ಪತ್ರೆಗೆ ನಾನು ಗಂಗಾಧರನ್ನೇ.

ಲ್ಯಾಬಿನ ಇನ್ನೊಬ್ಬ ಟೆಕ್ನೀಷಿಯನ್ ಕಲಾವತಿಗೆ ಇವತ್ತಿನಿಂದ ಹೆರಿಗೆ ರಜೆ. ನಾಡಿದ್ದು ಶ್ರಾವಣ. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ. ದಡ್ಡ.

21 ಜುಲೈ, ಬುಧವಾರ

ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಅವ್ವ ಎದುರಿಗೆ ಬಂದು ನಿಂತಳು. ಹೊತ್ತು ನೋಡಿಯೇ ಬರುತ್ತಾಳೆ.

"ಗಂಗಾ, ಇವತ್ತಿಂದ ಶ್ರಾವಣ. ಆ ಕುರಿ ತಂಟೆಗೆ ಹೋಗಬ್ಯಾಡ ನೋಡು."

"ಇಲ್ಲವ್ವ."

"ಕೈಯಾಗ ಲಿಂಗ ಐತಿ. ತಿಳಕೊಂಡು ಹೇಳು."

"ಹೋಗೋದಿಲ್ಲವ್ವ."

ಮೂರು ವರ್ಷದ ಹಿಂದಿನ ಕಥೆ. ಅಂಗಿಯ ತೋಳಿನ ಮೇಲೆ ಕಲೆ. ಸುಮಿತ್ರಾ ಒಗೆಯುವಾಗ ಕೇಳಿದಳು, ನಾನು ಬಾಯಿ ತಪ್ಪಿ ಕುರಿಯದು ಎಂದೆ. ಹೆಂಡತಿಯಿಂದ ಅವ್ವನಿಗೆ ಹೋಗಲು ಮೈಲಾಪುರದ ನಮ್ಮ ಮನೆಯಲ್ಲಿ ಎಷ್ಟು ದೂರ — ಒಂದು ಪರದೆ. ಅವ್ವ ಎರಡು ದಿನ ಉಣ್ಣಲಿಲ್ಲ. ಮನುಷ್ಯರ ರಕ್ತ ಪರವಾಗಿಲ್ಲವಂತೆ, ಅದು ಸೇವೆ. ಬಾಯಿಲ್ಲದ ಪ್ರಾಣಿಯ ರಕ್ತ, ಲಿಂಗ ಕಟ್ಟಿದವನು... ಕೊನೆಗೆ ರಾಜಿ ಆಯಿತು: ಶ್ರಾವಣ ಒಂದು ತಿಂಗಳು ಮುಟ್ಟಬಾರದು. ಎರಡು ಶ್ರಾವಣ ಕಲಾವತಿ ನನ್ನ ಬದಲು ಸೂಜಿ ಹಿಡಿದಳು. ಯಾಕೆ ಎಂದು ಕೇಳಲಿಲ್ಲ. ಒಳ್ಳೆಯ ಹುಡುಗಿ.

ಡಾಕ್ಟರಿಗೆ ಹೇಳಬಹುದು. ಸ್ಟೂಡೆಂಟ್ ಒಬ್ಬನಿಗೆ ಹೇಳಿ ಸೂಜಿ ಚುಚ್ಚಿಸುತ್ತಾರೆ, ಐದು ನಿಮಿಷದ ಮಾತು. ಆದರೆ ಯಾಕೆ ಎಂದು ಕೇಳುತ್ತಾರಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ರಾಹುಕಾಲ ಎಂದು ಪ್ರಯೋಗ ಶುರು ಮಾಡದೆ ಕೂತಿದ್ದ. ಡಾಕ್ಟರ್ ಎಲ್ಲರೆದುರು ಹೇಳಿದರು — ಈ ಲ್ಯಾಬಿನಲ್ಲಿ ಕ್ಯಾಲೆಂಡರ್ ಗೋಡೆಯ ಮೇಲೆ ಇರಬೇಕು, ತಲೆಯೊಳಗೆ ಇರಬಾರದು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಂಗಿಯೊಳಗೆ ಲಿಂಗದ ಕರಡಿಗೆ ಕುಲುಕುವಷ್ಟು ನಕ್ಕಿದ್ದೆ.

ಮನೆಯಲ್ಲಿ ಕುರಿಯ ರಕ್ತಕ್ಕೆ ನಾಚಿಕೆ. ಲ್ಯಾಬಿನಲ್ಲಿ ಶ್ರಾವಣಕ್ಕೆ ನಾಚಿಕೆ. ನಲವತ್ತೆರಡು ವಯಸ್ಸು.

28 ಜುಲೈ, ಬುಧವಾರ

ಬುಧವಾರ ರಾಮದಾಸನ ದಿನ. ಪೆರಂಬೂರಿನ ರೈಲ್ವೆ ಆಫೀಸಿನ ಗುಮಾಸ್ತ, ಇಪ್ಪತ್ತಾರು. ಜೂನ್ ಮೊದಲ ವಾರ ಅವನ ಅಕ್ಕ ಅಂಬುಜಾ ಕಿಡ್ನಿ ಕೊಟ್ಟರು. ಅಪ್ಪ ಅಮ್ಮ ಇಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ತಮ್ಮನನ್ನು ಓದಿಸಿದವರು. ಮದುವೆ ಬಿಟ್ಟರು, ಈಗ ಕಿಡ್ನಿ ಕೊಟ್ಟರು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ಗಂಗಾಧರಣ್ಣ ಎನ್ನುತ್ತಾರೆ. ಗಂಗಾಧರನ್ ಎನ್ನದವರು ಈ ಕಟ್ಟಡದಲ್ಲಿ ಅವರು ಮತ್ತು ಐತಪ್ಪ, ಇಬ್ಬರೇ. ಐತಪ್ಪ ಬರೀ ಸರ್ ಎನ್ನುತ್ತಾನೆ.

ನಿನ್ನೆ ರಕ್ತ ಕೊಟ್ಟು ಹೋಗಿದ್ದರು, ಇವತ್ತು ಎಣಿಕೆಯ ಹೊತ್ತಿಗೆ ಸರಿಯಾಗಿ ಬಂದರು.

"ಸುಮ್ಮಾ ಒಂದ್ಸಲ ನೋಡ್ತೀನಿ ಗಂಗಾಧರಣ್ಣ. ನಮ್ ರಾಮುದು ಏನ್ ಎಣಿಸ್ತೀರಿ ಅಂತ."

ಕೂರಿಸಿ ತೋರಿಸಿದೆ. ನಡುವೆ ರಾಮದಾಸನ ಬಿಳಿ ಕಣ. ಸುತ್ತ ಕುರಿಯ ಕೆಂಪು ಕಣಗಳು ಅಂಟಿಕೊಂಡಿವೆ. ಮೂರು ಅಂಟಿದರೆ ಅದು ಒಂದು ರೋಸೆಟ್, ಲೆಕ್ಕಕ್ಕೆ ಬಂತು. ಇನ್ನೂರು ಬಿಳಿ ಕಣದಲ್ಲಿ ಎಷ್ಟು ಹೀಗೆ ಹಿಡಿದುಕೊಂಡಿವೆ ಎಂದು ಎಣಿಸಿ ನೂರಕ್ಕೆ ಇಷ್ಟು ಎಂದು ಬರೆಯುವುದು.

"ಅಯ್ಯೋ, ಎಳ್ಳುಂಡೆ ಥರಾನೇ ಇದೆ!" ಎಂದರು. ಆಮೇಲೆ, "ಕುರಿದಾ? ನಮ್ ಮೈಯಲ್ಲಿರೋದು ಕುರಿದನ್ನ ಯಾಕ್ ಹಿಡ್ಕೋಬೇಕು?"

ಬಾಗಿಲಲ್ಲಿ ನಿಂತಿದ್ದ ರಾಮದಾಸ, "ಅಕ್ಕಾ, ಪೋದುಂ, ವಾ" ಎಂದ, ಸಾಕು ಬಾ ಎಂದು. ಅಕ್ಕ ಕನ್ನಡದಲ್ಲಿ ಮಾತಾಡುತ್ತಾರೆ, ತಮ್ಮ ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ಅದು ವಿಚಿತ್ರ ಎನ್ನಿಸುವುದಿಲ್ಲ.

ಯಾಕೆ ಹಿಡಿಯುತ್ತದೆ ಎಂದು ನನಗೆ ಗೊತ್ತಿಲ್ಲ ಎಂದೆ. ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದೆ. ಈ ಜಾತಿಯ ಬಿಳಿ ಕಣದ ಮೈಮೇಲೆ ಏನೋ ಒಂದು ಕೊಂಡಿ ಇದೆ, ರಿಸೆಪ್ಟರ್ ಎನ್ನುತ್ತಾರೆ. ಅದಕ್ಕೆ ಕೂರುವಂಥದ್ದು ಕುರಿಯ ಕಣದ ಮೇಲೆ ಇದೆ. ದೇವರು ಯಾಕೆ ಇಟ್ಟನೋ. ನಮಗೆ ಉಪಯೋಗ ಇಷ್ಟೇ — ಕುರಿಯನ್ನು ಹಿಡಿದ ಕಣಗಳೇ ಹೊಸ ಕಿಡ್ನಿಯನ್ನು ಪರಕೀಯ ಎಂದು ಕಚ್ಚುವ ಕಣಗಳು. ಮಾತ್ರೆ ಕೊಟ್ಟು ಅವನ್ನು ಅಡಗಿಸಿಡಬೇಕು. ಮಾತ್ರೆ ಕಡಿಮೆಯಾದರೆ ಕಿಡ್ನಿ ಹೋಗುತ್ತದೆ, ಹೆಚ್ಚಾದರೆ ಕೆಮ್ಮು ನೆಗಡಿಯೇ ಆಳನ್ನು ಕೊಲ್ಲುತ್ತದೆ. ರಾಮದಾಸನಿಗೆ ಇಪ್ಪತ್ತರಿಂದ ಮೂವತ್ತರ ನಡುವೆ ಇರಬೇಕು ಎಂದು ಡಾಕ್ಟರ್ ಗೆರೆ ಹಾಕಿದ್ದಾರೆ.

ಇವತ್ತು 26. ಕಂಟ್ರೋಲ್ 61. ಅಂಬುಜಾ ಎರಡು ಸಂಖ್ಯೆಗಳನ್ನೂ ಪರ್ಸಿನ ಚೀಟಿಯಲ್ಲಿ ಬರೆದುಕೊಂಡು ಹೋದರು.

4 ಆಗಸ್ಟ್, ಬುಧವಾರ

ರಕ್ತಕ್ಕೆ ಹದಿನಾರು ದಿನ. ತೊಳೆದಷ್ಟೂ ನೀರು ಗುಲಾಬಿ, ಕಣಗಳು ಒಡೆಯುತ್ತಿವೆ. ಮೂರು ಸಲ ತೊಳೆಯುವಲ್ಲಿ ಐದು ಸಲ ತೊಳೆದೆ. ಕಂಟ್ರೋಲ್ 56. ಐವತ್ತೈದರ ಮೇಲಿದ್ದರೆ ಪಾಸು. ಪಾಸಾದೆ. ಬರೆದೆ. ರಾಮದಾಸ 24.

ಹತ್ತೊಂಬತ್ತಕ್ಕೆ ಶ್ರಾವಣ ಮುಗಿಯುತ್ತದೆ. ಇನ್ನೆರಡು ಬುಧವಾರ. ತಳ್ಳಬಹುದು ಎನ್ನಿಸುತ್ತಿದೆ. ತಳ್ಳಬಾರದು ಎಂದೂ ಗೊತ್ತು.

11 ಆಗಸ್ಟ್, ಬುಧವಾರ

ಕಂಟ್ರೋಲ್ 37.

ಮತ್ತೆ ಎಣಿಸಿದೆ. 36. ಇನ್ನೊಂದು ಸ್ಲೈಡ್. 37. ಟ್ಯೂಬನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ ಕದಡಬೇಕು, ಜೋರಾದರೆ ಹಿಡಿತ ಬಿಟ್ಟುಹೋಗುತ್ತದೆ. ಕೈ ಜೋರಾಯಿತೇನೋ ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಂಡೆ. ಕೈಯದಲ್ಲ. ರಕ್ತ ಇಪ್ಪತ್ತಮೂರು ದಿನದ್ದು.

ರಾಮದಾಸ 15.

ಮಾಡಬೇಕಿದ್ದದ್ದು ಸರಳ. ಎಲ್ಲ ಸಿಂಕಿಗೆ ಚೆಲ್ಲಿ, ಹೊಸ ರಕ್ತ ತೆಗೆದು, ನಾಳೆ ಮತ್ತೆ ಬನ್ನಿ ಎನ್ನಬೇಕಿತ್ತು. ಆದರೆ ರಾಮದಾಸನಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಮಾತ್ರೆ ಇಳಿಸಬೇಕೇ ಬೇಡವೇ ಎಂದು ಡಾಕ್ಟರ್ ಈ ಒಂದು ಸಂಖ್ಯೆಗೆ ಕಾದಿದ್ದರು. ಎರಡು ಸಲ ಫೋನ್. ಮೂರನೆಯ ಸಲ ಅವರೇ ಇಳಿದು ಬಂದರು.

"ಎವ್ವಳವು?"

"ಹದಿನೈದು ಮೇಡಂ."

"ಕಂಟ್ರೋಲ್ ಸರಿಯಾ ಇರುಕ್ಕಾ ಗಂಗಾಧರನ್?"

"ಇರುಕ್ಕು ಮೇಡಂ." ಸರಿಯಿದೆ ಎಂದೆ.

ರಿಜಿಸ್ಟರ್ ತೆರೆದಿತ್ತು. ಕಂಟ್ರೋಲ್ ಕಾಲಮ್ ಖಾಲಿ. 62 ಎಂದು ಬರೆದೆ. ಅವರು ನೋಡುತ್ತಾ ನಿಂತಿದ್ದಾಗಲೇ ಬರೆದೆ. ಕೈ ತಾನಾಗಿ ಬರೆಯಿತು ಎಂದು ಇಲ್ಲಿ ಬರೆದುಕೊಳ್ಳಲು ಮನಸ್ಸಾಗುತ್ತಿದೆ. ಸುಳ್ಳು. ನಾನೇ ಬರೆದದ್ದು. ಮೂವತ್ತೇಳು ಎಂದು ಬರೆದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ರಕ್ತ ಹಳೆಯದು ಎನ್ನಬೇಕಿತ್ತು. ಯಾಕೆ ಹೊಸದು ತೆಗೆಯಲಿಲ್ಲ ಎನ್ನುತ್ತಿದ್ದರು. ಆಗ...

ಅಷ್ಟಕ್ಕೆ ಹೆದರಿದೆ. ನಗುತ್ತಾರೆ ಎಂದು.

12 ಆಗಸ್ಟ್, ಗುರುವಾರ

ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ. ಸರಿಯಾದ ಹೊತ್ತಿಗೆ ಗೊತ್ತಾಯಿತು, ಇಲ್ಲದಿದ್ದರೆ ಈ ಕೆಮ್ಮೇ ಅವನನ್ನು ಮುಗಿಸುತ್ತಿತ್ತು ಎಂದು ಡಾಕ್ಟರ್ ನನ್ನ ಭುಜ ತಟ್ಟಿದರು. ತಟ್ಟಿದ ಜಾಗ ಇನ್ನೂ ಸುಡುತ್ತಿದೆ.

ಲೆಕ್ಕ ಹಾಕಿ ನೋಡಿದೆ. ನನ್ನ 62 ಇದೇ ರಕ್ತದಲ್ಲಿ 37 ಆದರೆ, ಅವನ 15 ನಿಜವಾಗಿ 25. ಎಲ್ಲಿರಬೇಕೋ ಅಲ್ಲೇ ಇದ್ದಾನೆ. ಮಾತ್ರೆ ಇಳಿಸುವ ಅಗತ್ಯವೇ ಇರಲಿಲ್ಲ.

ಲೆಕ್ಕದ ಚೀಟಿ ಹರಿದು ಹಾಕಿದೆ.

14 ಆಗಸ್ಟ್, ಶನಿವಾರ

ಮಧ್ಯಾಹ್ನ ಪ್ರಾಣಿಗಳ ಶೆಡ್ಡಿಗೆ ಹೋದೆ. ಸೂಜಿ, ಬಾಟಲಿ ಜೇಬಿನಲ್ಲೇ ಇದ್ದವು. ಐತಪ್ಪ ಹುಲ್ಲು ಹಾಕುತ್ತಿದ್ದ.

"ಎಂತ ಸರ್, ಕುರಿಯ ಹತ್ರ ಕೋಪವಾ? ತಿಂಗಳಾಗ್ತಾ ಬಂತು, ಈ ಕಡೆ ತಲೆಯೇ ಹಾಕ್ಲಿಲ್ಲ."

"ಹಳೇದು ಇನ್ನೂ ಇದೆ ಐತಪ್ಪ."

"ಅಷ್ಟು ಹಳೇದು ಆಗ್ತದಾ ಸರ್? ನೀವೇ ಹೇಳಿದ್ದಲ್ವಾ, ಎರಡು ವಾರ ಕಳೆದ್ರೆ ಚೆಲ್ಲುದು ಅಂತ?"

ಹುಲ್ಲು ಹಾಕುವವನಿಗೆ ಗೊತ್ತಿದೆ. ಸೂಜಿ ಜೇಬಿನಲ್ಲಿಟ್ಟುಕೊಂಡೇ ವಾಪಸು ಬಂದೆ. ಸೋಮವಾರ ಕಡೆಯ ಶ್ರಾವಣ ಸೋಮವಾರ. ಮಾವ ಗುರುಬಸಪ್ಪನವರೂ ಬರುತ್ತಾರೆ, ಮನೆತುಂಬ ಪೂಜೆ. ಅದು ಕಳೆಯಲಿ ಎಂದುಕೊಂಡೆ.

17 ಆಗಸ್ಟ್, ಮಂಗಳವಾರ

ಅಂಬುಜಾ ಒಬ್ಬರೇ ಬಂದರು. ರಕ್ತದ ಟ್ಯೂಬನ್ನು ವಾರ್ಡಿನಿಂದ ತಾವೇ ತಂದಿದ್ದರು. "ರಾಮುಗೆ ಮುಖ ಊದಿದೆ ಗಂಗಾಧರಣ್ಣ. ಒಂದಕ್ಕೇ ಸರಿಯಾಗಿ ಹೋಗ್ತಿಲ್ಲ. ಬೇಗ ನೋಡ್ತೀರಾ?"

ಅವರು ತಿರುಗಿದ ಮೇಲೆ ಓಡಿದೆ. ನಾಲ್ಕನೇ ನಂಬರ್ ಕುರಿ. ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು. ಕುರಿ ಕೂಗಿತು. ಶ್ರಾವಣ ಇನ್ನೆರಡು ದಿನ ಉಳಿದಿತ್ತು.

ಸಂಜೆ ಪೂಜೆಗೆ ಕೂತಾಗ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿಬಿಟ್ಟೆ. ನೋಡಲಾಗಲಿಲ್ಲ. ಯಾವ ಮಾತಿಗಾಗಿ ಇಷ್ಟೆಲ್ಲ ಆಯಿತೋ ಆ ಮಾತನ್ನೂ ಉಳಿಸಿಕೊಳ್ಳಲಿಲ್ಲ. ಅವ್ವ ಪ್ರಸಾದ ಕೊಟ್ಟಳು, ತಿಂದೆ.

18 ಆಗಸ್ಟ್, ಬುಧವಾರ

ಕಂಟ್ರೋಲ್ 63. ನಿಜವಾದ 63.

ರಾಮದಾಸ 46.

ಡಾಕ್ಟರ್ ಕುರ್ಚಿಯಲ್ಲಿ ಕೂತುಬಿಟ್ಟರು. ಒಂದು ವಾರದಲ್ಲಿ ಹದಿನೈದರಿಂದ ನಲವತ್ತಾರಾ ಎಂದು ಎರಡು ಸಲ ಕೇಳಿದರು. ಉಳಿದ ಟೆಸ್ಟುಗಳೂ ಅದನ್ನೇ ಹೇಳುತ್ತಿವೆ. ಬಿಳಿ ಕಣಗಳು ಕಿಡ್ನಿಯನ್ನು ಕಚ್ಚಲು ಶುರು ಮಾಡಿವೆ. ದೊಡ್ಡ ಡೋಸಿನ ಇಂಜೆಕ್ಷನ್ ಇವತ್ತಿನಿಂದ.

19 ಆಗಸ್ಟ್, ಗುರುವಾರ

ವಾರ್ಡಿನಲ್ಲಿ ಡಾಕ್ಟರ್ ಜಯಲಕ್ಷ್ಮೀ ಅಂಬುಜಾಗೆ ಹೇಳಿದರು, ತಮಿಳಿನಲ್ಲಿ, ನಾನು ರಿಜಿಸ್ಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ — "ಮಾತ್ರೆ ಇಳಿಸಿದ್ದು ನಾನು, ಅಷ್ಟು ಇಳಿಸಬಾರದಿತ್ತು, ತಪ್ಪು ನನ್ನದು."

ಇಪ್ಪತ್ತು ವರ್ಷ ಸರ್ವಿಸಾದ ಡಾಕ್ಟರ್. ರೋಗಿಯ ಅಕ್ಕನ ಮುಂದೆ ಕೈ ಜೋಡಿಸಿದರು.

ನಾನು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ.

6 ಸೆಪ್ಟೆಂಬರ್, ಸೋಮವಾರ

ಏನೂ ಬರೆದಿರಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ.

ಇವತ್ತು ಕಿಡ್ನಿ ತೆಗೆದರು. ಮೂರು ತಿಂಗಳು ಅವನ ಮೈಯಲ್ಲಿತ್ತು. ಇನ್ನು ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಿಷಿನ್ ಮೇಲೆ ಮಲಗಬೇಕು. ಎಷ್ಟು ದಿನ ಎಂದು ಯಾರೂ ಹೇಳುತ್ತಿಲ್ಲ. ಕೊಡಲು ಇನ್ನೊಬ್ಬ ಅಕ್ಕನಿಲ್ಲ.

ಅಂಬುಜಾ ಕಾರಿಡಾರಿನಲ್ಲಿ ಸಿಕ್ಕರು. ಅಳು ಮುಗಿದಿತ್ತು. "ನೀವಾದ್ರೂ ಕಂಡುಹಿಡಿದ್ರಿ ಗಂಗಾಧರಣ್ಣ, ನಲವತ್ತಾರು ಅಂತ. ಇಲ್ಲಾಂದ್ರೆ ಅವನೇ ಹೋಗ್ತಿದ್ದ ಅಂದ್ರು." ನನ್ನ ಎರಡೂ ಕೈ ಹಿಡಿದುಕೊಂಡರು.



9 ಸೆಪ್ಟೆಂಬರ್, ಗುರುವಾರ

ಹೇಳಿದೆ. ಡಾಕ್ಟರಿಗೆ. ಬಾಗಿಲು ಹಾಕಿ, ನಿಂತುಕೊಂಡೇ, ಎಲ್ಲ. ಹಳೆಯ ರಕ್ತ, ಮೂವತ್ತೇಳು, ಅರವತ್ತೆರಡು. ಶ್ರಾವಣವನ್ನೂ ಹೇಳಿದೆ. ನಗುತ್ತಾರೆ ಎಂದು ಒಂದು ತಿಂಗಳು ಹೆದರಿದ್ದೆನಲ್ಲ — ಅವರು ನಗಲಿಲ್ಲ.

 ಆಮೇಲೆ ಒಂದೇ ಹೇಳಿದರು: "ನನಗೆ ಹೇಳಿದ್ದರೆ ನಾನೇ ಹೋಗಿ ಸೂಜಿ ಚುಚ್ಚುತ್ತಿದ್ದೆನಲ್ಲ ಗಂಗಾಧರನ್."

ರಿಜಿಸ್ಟರ್ ತರಿಸಿದರು. ಕಂಟ್ರೋಲ್ ಕಾಲಮ್ಮಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು. 61, 62, 62, 63, 62, 61, 56, 62.

"ಇದರಲ್ಲಿ ನಿಜ ಯಾವುದು?"

ಒಂದೇ ಸುಳ್ಳು ಮೇಡಂ, ಉಳಿದದ್ದೆಲ್ಲ ನಿಜ ಎಂದೆ. ಅವರು ಮೂರು ವರ್ಷದ ಕಾಲಮ್ಮಿಗೆ ಕೆಂಪು ಶಾಯಿಯಲ್ಲಿ ಉದ್ದ ಗೆರೆ ಎಳೆದರು. ಆ ಅಂಕಿಗಳ ಮೇಲೆ ಅವರು ಬರೆಯುತ್ತಿದ್ದ ಜರ್ನಲ್ ಪೇಪರೂ ಅದರ ಜೊತೆಗೇ ಹೋಯಿತು.

ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಇನ್ನು ಮೇಲೆ ಕಂಟ್ರೋಲಿಗೆ ನಿನ್ನ ರಕ್ತ ಬೇಡ, ಎಣಿಕೆಯೂ ಬೇರೆಯವರು ಮಾಡಲಿ ಎಂದರು. ಬಾಗಿಲ ಹತ್ತಿರ ಹೋದಾಗ ಕೇಳಿದರು, ಆ ಅಕ್ಕನಿಗೆ ಹೇಳಬೇಕು, ನೀನು ಹೇಳುತ್ತೀಯಾ ನಾನು ಹೇಳಲಾ ಎಂದು.

ನಾನೇ ಹೇಳುತ್ತೇನೆ ಎಂದೆ. ಒಂದು ವಾರ ಟೈಮ್ ಕೊಟ್ಟರು.

12 ಸೆಪ್ಟೆಂಬರ್, ಭಾನುವಾರ

ಲಜ್ ಮೂಲೆಯಲ್ಲಿ 29ಸಿ ಬಸ್ ಹತ್ತಿ ಪೆರಂಬೂರಿಗೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿದೆ. ಮಹಡಿಯ ಮೇಲಿನ ಎರಡು ರೂಮು. ರಾಮದಾಸ ದಿಂಬಿಗೆ ಒರಗಿ ಕೂತಿದ್ದ, ನನ್ನನ್ನು ಕಂಡು ನಗಾಡಿದ. ಅಂಬುಜಾ ಉಪ್ಪಿಟ್ಟು ಮಾಡಿದರು. "ನಮ್ಮೋರು ಅಂತ ನೀವೊಬ್ರೇ ಬಂದಿದ್ದು" ಎಂದರು.

ಉಪ್ಪಿಟ್ಟು ತಿಂದು ವಾಪಸು ಬಂದೆ.

19 ಸೆಪ್ಟೆಂಬರ್, ಭಾನುವಾರ

ಮತ್ತೆ ಹೋದೆ. ಇವತ್ತು ಅಂಬುಜಾ ಹೆಚ್ಚು ಮಾತಾಡಲಿಲ್ಲ. ಕಾಫಿ ಕೊಟ್ಟು ಎದುರಿಗೆ ಕೂತರು. ಸುಸ್ತಿರಬೇಕು. ನಾನು ಮಳೆ, ಕಾರ್ಪೊರೇಷನ್ ನೀರು, ಕಲಾವತಿಗೆ ಹೆಣ್ಣು ಮಗು ಹುಟ್ಟಿದ್ದು, ಎಲ್ಲ ಹೇಳಿದೆ. ಅದೊಂದು ಬಿಟ್ಟು.

ಗಡುವು ಮುಗಿದು ಮೂರು ದಿನ. ಡಾಕ್ಟರ್ ಕೇಳಲಿಲ್ಲ. ಮರೆತರೇನೋ. ಮರೆತಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಯಾವ ದೇವರನ್ನು ಎಂದು ಕೇಳಬಾರದು.

21 ನವೆಂಬರ್, ಭಾನುವಾರ

ಈಗ ಪ್ರತಿ ಭಾನುವಾರ ಪೆರಂಬೂರು. ರಾಮದಾಸನ ಜೊತೆ ಕೇರಂ ಆಡುತ್ತೇನೆ. ಬೇಕೆಂದೇ ಸೋಲುತ್ತೇನೆ, ಅವನಿಗೆ ಗೊತ್ತಾಗುತ್ತದೆ. ಮಿಷಿನ್ನಿನ ದಿನ ನಾನೇ ಆಸ್ಪತ್ರೆಯಲ್ಲಿ ಪಕ್ಕ ಕೂರುತ್ತೇನೆ. ಸುಮಿತ್ರಾ ಕೇಳಿದಳು, ಅಷ್ಟು ದೂರದವರ ಮೇಲೆ ಅದೇನು ಅಷ್ಟೊಂದು ಪ್ರೀತಿ ಅಂತ. ಪಾಪ, ಒಳ್ಳೆಯ ಜನ ಎಂದೆ. ಅವಳಿಗೆ ನನ್ನ ಬಗ್ಗೆ ಅಭಿಮಾನ ಹೆಚ್ಚಾಗಿದೆ. ಅದನ್ನೂ ಬೇಡ ಎನ್ನಲಿಲ್ಲ.

16 ಜನವರಿ 1983, ಭಾನುವಾರ

ರಾಮದಾಸ ಬಹಳ ಇಳಿದುಹೋಗಿದ್ದಾನೆ. ಕೇರಂ ಬೇಡ ಎಂದ. ಅಂಬುಜಾ ಅಡಿಗೆಮನೆಯಲ್ಲಿದ್ದರು.  ಇದ್ದಕ್ಕಿದ್ದಂತೆ ಕೇಳಿದ:

"ಅಣ್ಣಾ, ಏದಾವದು ಸೊಲ್ಲಣುಮಾ?"

ಏನಾದರೂ ಹೇಳಬೇಕಾ ಎಂದು. ನನ್ನ ಮುಖವನ್ನೇ ನೋಡುತ್ತಿದ್ದ.

"ಒನ್ನುಮಿಲ್ಲೆ" ಎಂದೆ. ಏನಿಲ್ಲ.

ತಲೆಯಾಡಿಸಿ ಗೋಡೆಯ ಕಡೆ ತಿರುಗಿದ.

13 ಫೆಬ್ರವರಿ, ಭಾನುವಾರ

ಶುಕ್ರವಾರ ಹೋದ. ಬೆಳಗಿನ ಜಾವ, ಮಿಷಿನ್ನಿನ ದಿನವೇ. ಇಪ್ಪತ್ತೇಳು ತುಂಬಿರಲಿಲ್ಲ.

ಸುಡುಗಾಡಿಗೆ ಹೋಗಿದ್ದೆ. ಅಂಬುಜಾ ನನ್ನನ್ನು ನೋಡಿದರು. ಮಾತಾಡಿಸಲಿಲ್ಲ. ಇವತ್ತು ಭಾನುವಾರ, ಹೊತ್ತಿಗೆ ಸರಿಯಾಗಿ ಅಂಗಿ ಹಾಕಿಕೊಂಡೆ. ಹೋಗುವ ಧೈರ್ಯವಾಗಲಿಲ್ಲ. ಅಂಗಿ ಕಳಚಿದೆ.

28 ಅಕ್ಟೋಬರ್ 1987, ಬುಧವಾರ

ಈ ಪುಸ್ತಕ ಟ್ರಂಕಿನಲ್ಲಿತ್ತು. ಅವ್ವ ಹೋಗಿ ಎರಡು ವರ್ಷ. ಅವಳ ಸೀರೆಗಳನ್ನು ತೆಗೆಯುವಾಗ ಸುಮಿತ್ರಾ ಕೈಗೆ ಸಿಕ್ಕಿತು. ಓದದೆ ಕೊಟ್ಟಳು ಎಂದುಕೊಂಡಿದ್ದೇನೆ.

ಲ್ಯಾಬಿನಲ್ಲಿ ಈಗ ಕುರಿ ಇಲ್ಲ. ಬಿಳಿ ಕಣವನ್ನು ಗುರುತಿಸುವ ಆಂಟಿಬಾಡಿ ಸಣ್ಣ ಸೀಸೆಯಲ್ಲಿ ಫಾರಿನ್ನಿನಿಂದ ಬರುತ್ತದೆ. ಡಾಕ್ಟರ್ ಜಯಲಕ್ಷ್ಮೀ ರಿಟೈರಾದರು. ಐತಪ್ಪ ಊರಿಗೆ ಹೋದ.

ಇವತ್ತು ಲೈಬ್ರರಿಯಲ್ಲಿ ಒಂದು ಜರ್ನಲ್. ಕುರಿಯ ಕಣವನ್ನು ನಮ್ಮ ಕಣ ಯಾಕೆ ಹಿಡಿಯುತ್ತದೆ ಎಂದು ಗೊತ್ತಾಗಿದೆಯಂತೆ. ಆ ರಿಸೆಪ್ಟರ್ ಇರುವುದು ಕುರಿಗಾಗಿ ಅಲ್ಲವೇ ಅಲ್ಲ. ಅದಕ್ಕೆ ಹೊಂದುವ ಅಣು, ಲಿಗಾಂಡ್, ನಮ್ಮದೇ ಮೈಯ ಕಣಗಳ ಮೇಲೆಲ್ಲ ಇದೆ. ಕುರಿಯದು ಅದರ ಹೋಲಿಕೆಯದು, ಅಷ್ಟೇ. ಬಿಳಿ ಕಣ ತನ್ನವರನ್ನು ಹಿಡಿದು ನೋಡುವುದಕ್ಕಾಗಿ ಇಟ್ಟುಕೊಂಡದ್ದು. ಹಿಡಿದರೆ ಬರೀ ಹಿಡಿತವೂ ಅಲ್ಲ, ಆ ಹಿಡಿತದಿಂದಲೇ ಒಳಗೆ ಸುದ್ದಿ ಹೋಗಿ ಕಣ ಎಚ್ಚರವಾಗುತ್ತದೆ. ಹನ್ನೊಂದು ವರ್ಷ ಎಣಿಸಿದ್ದೆ, ಏನು ಎಣಿಸುತ್ತಿದ್ದೆ ಎಂದು ಇವತ್ತು ಗೊತ್ತಾಯಿತು.

ನಮ್ಮ ಮೈಯಲ್ಲಿರುವುದು ಕುರಿಯದನ್ನು ಯಾಕೆ ಹಿಡಿದುಕೊಳ್ಳಬೇಕು ಎಂದು ಅಂಬುಜಾ ಕೇಳಿದ್ದರು. ಉತ್ತರ ಹೇಳುವ ನೆಪದಲ್ಲಿ ಹೋಗಬಹುದು. ನೆಪವಿಲ್ಲದೆ ಹೋಗುವ ಯೋಗ್ಯತೆ ನನಗಿಲ್ಲ.

1 ನವೆಂಬರ್ 1987, ಭಾನುವಾರ, ಸಂಜೆ

ಹೋಗಿದ್ದೆ. ಅದೇ ಮನೆ. ಅಂಬುಜಾಗೆ ಕೂದಲು ಪೂರ್ತಿ ನರೆತಿದೆ. ನಲವತ್ತೇ ಇರಬೇಕು. ಒಳಗೆ ಬನ್ನಿ ಎಂದರು, ಕೂರಿಸಿದರು. ಕಾಫಿ ಕೇಳಲಿಲ್ಲ.

ಜರ್ನಲ್ಲಿನ ವಿಷಯ ಹೇಳಿದೆ. ಕುರಿ, ರಿಸೆಪ್ಟರ್, ನಮ್ಮದೇ ಮೈಯ ಹೋಲಿಕೆ. ಚೆನ್ನಾಗಿಯೇ ಹೇಳಿದೆ. ಹಾಗೆ ಹೇಳುವುದು ನನಗೆ ಬರುತ್ತದೆ. ಕೊನೆಯವರೆಗೂ ಕೇಳಿದರು.

"ಇದನ್ನ ಹೇಳಕ್ಕಾ ಬಂದ್ರಿ? ಇಷ್ಟ್ ವರ್ಷ ಆದ್ಮೇಲೆ?"

ತಲೆ ತಗ್ಗಿಸಿದೆ.

"ಡಾಕ್ಟರಮ್ಮ ನಂಗೆ ಅವತ್ತೇ ಹೇಳಿದ್ರು ಗಂಗಾಧರಣ್ಣ. ಸೆಪ್ಟೆಂಬರಲ್ಲೇ. ನೀವು ಎರಡನೇ ಸಲ ಮನೆಗೆ ಬಂದ್ರಲ್ಲ, ಅದಕ್ಕೆ ಎರಡ್ ದಿನ ಮುಂಚೆ. ನೀವು ಹೇಳ್ತೀನಿ ಅಂದಿದ್ರಂತೆ, ವಾರ ಆದ್ರೂ ನಾನು ಏನೂ ಕೇಳ್ಲಿಲ್ಲ ಅಂತ ಅವ್ರೇ ಇಲ್ಲೀವರ್ಗೂ ಬಂದ್ರು."

 ಸೆಪ್ಟೆಂಬರಿನಿಂದ ಫೆಬ್ರವರಿ. ಇಪ್ಪತ್ತು ಭಾನುವಾರವಾದರೂ ಹೋಗಿದ್ದೇನೆ. ಕೂತಿದ್ದೇನೆ, ತಿಂದಿದ್ದೇನೆ, ನಕ್ಕಿದ್ದೇನೆ. ಗೊತ್ತಿದ್ದೂ ಬಡಿಸಿದರು.

"ರಾಮುಗೆ?" ಎಂದೆ. 

"ಅವನ್ಗೂ ಗೊತ್ತಿತ್ತು. ನಾನು ಕೇಳೇಬಿಡ್ತೀನಿ ಅಂತಿದ್ದೆ. ಅವನು ಬೇಡ ಅಂದ. ಪಾವಂ, ಅವರಾಗೇ ಹೇಳ್ಲಿ ಅಕ್ಕಾ, ಅಂದ. ಪ್ರತಿ ಭಾನುವಾರ ನೀವು ಹೋದ್ಮೇಲೆ ಕೇಳ್ತಿದ್ದ, ಇವತ್ತೂ ಸೊಲ್ಲಲಿಯಾ, ಹೇಳ್ಲಿಲ್ವಾ ಅಂತ. ಕಡೇಲಿ ತಾನೇ ಒಂದ್ಸಲ ಕೇಳೂ ನೋಡ್ದ, ಅಲ್ವಾ?"

ಹೂಂ ಎಂದೆ.

"ಅವನ್ಗೆ ಕೋಪ ಇರ್ಲಿಲ್ಲ. ನಂಗಿದೆ. ತಪ್ಪು ಆಯ್ತಲ್ಲ, ಅದಕ್ಕಲ್ಲ. ಸಾಯೋ ಹುಡುಗ ಐದ್ ತಿಂಗಳು ನಿಮ್ ಬಾಯಿ ನೋಡ್ಕೊಂಡಿದ್ದ."

ಅಳು ಬಂತು. ಅಳಲು ನನಗೆ ಏನು ಹಕ್ಕಿದೆ ಎಂದು ತಡೆದುಕೊಂಡೆ. ಆದರೂ ಬಂತು. ಅವರು ಆಮೇಲೆ ಎದ್ದು ಬಾಗಿಲ ಬಳಿ ನಿಂತರು.

"ಎಲ್ಲ ಗೊತ್ತಿದೆ ನಂಗೆ. ಆದ್ರೂ ನಿಮ್ ಬಾಯಲ್ಲಿ ಕೇಳ್ಬೇಕು. ಇವತ್ತು ಬೇಡ, ಇವತ್ತು ನಾನೇ ಹೇಳ್ಬಿಟ್ಟೆ. ಬರೋ ಭಾನುವಾರ ಬನ್ನಿ. ಯಾಕೆ ಅಂತ ಹೇಳಿ. ಡಾಕ್ಟರಮ್ಮಂಗೂ ಅದು ಸರಿಯಾಗಿ ಗೊತ್ತಿರ್ಲಿಲ್ಲ. ಏನೋ ಹಬ್ಬದ ವಿಷಯ ಅಂದ್ರು. ಹಬ್ಬಕ್ಕೆ ಯಾರಾದ್ರೂ ಸುಳ್ಳು ನಂಬರ್ ಬರೀತಾರಾ? ನಂಗೆ ನಂಬಿಕೆ ಬರ್ಲಿಲ್ಲ."

8 ನವೆಂಬರ್, ಭಾನುವಾರ, ಬೆಳಿಗ್ಗೆ 8

ವಾರವಿಡೀ ನಿದ್ದೆಯಿಲ್ಲ. ನಿನ್ನೆ ಸುಮಿತ್ರಾಗೆ ಎಲ್ಲ ಹೇಳಿದೆ. ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದಾಳೆ. 

ಒಂಬತ್ತರ ಬಸ್ಸಿಗೆ ಹೊರಡಬೇಕು. ಬಾಯಿಪಾಠ ಮಾಡಿ ಹೋದರೆ ಹಿಂದಿನಂತೆ ದಾರಿಯಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಬರೆದು, ಇದೇ ಹಾಳೆಯನ್ನು ಅವರ ಮುಂದೆ ಓದಿಬಿಡುತ್ತೇನೆ. ನೆಪ ಬೇಡ. ಅವ್ವನ ಹೆಸರು ತರಬಾರದು, ಅವಳು ಕೇಳಿದ್ದು ಕುರಿಯನ್ನು ಮುಟ್ಟಬೇಡ ಎಂದಷ್ಟೇ, ಸುಳ್ಳು ಬರಿ ಎಂದಲ್ಲ. ಶ್ರಾವಣದ ಮೇಲೆ ಹಾಕಬಾರದು. ಡಾಕ್ಟರ್ ನಗುತ್ತಿದ್ದರು ಎನ್ನಬಾರದು, ಅವರು ನಗಲಿಲ್ಲ.

ಅಂಬುಜಾ ಅವರೇ, 1982ರ ಆಗಸ್ಟ್ ಹನ್ನೊಂದನೇ ತಾರೀಖು, ಬುಧವಾರ, ನನ್ನ ರಕ್ತದ ಎಣಿಕೆ ಮೂವತ್ತೇಳು ಬಂತು. ನಾನು ಅರವತ್ತೆರಡು ಎಂದು ಬರೆದೆ. ಯಾಕೆಂದರೆ